ಚೀಟಿ ಡಬ್ಬಿ ಇಡುವ ಮುಂಚೆ: ಹೈಸ್ಕೂಲು ಮಕ್ಕಳಿಗೆ ಲೈಂಗಿಕ ಆರೋಗ್ಯ ಹೇಳಿಕೊಡುವವರಿಗೆ

"ಮಿಸ್, ಹುಡುಗರಿಗೂ ಮುಟ್ಟಾಗುತ್ತಾ? ನನಗೆ ಎರಡು ತಿಂಗಳಿಂದ ರಾತ್ರಿ ಹೊತ್ತು ಆಗ್ತಿದೆ. ಆದರೆ ರಕ್ತ ಅಲ್ಲ. ಅಮ್ಮನಿಗೆ ಹೇಳಿಲ್ಲ. ಚಡ್ಡಿ ನಾನೇ ಒಗ್ಕೋತೀನಿ."

ಹೆಸರು ಹೇಳದೆ ಪ್ರಶ್ನೆ ಕೇಳಲೆಂದು ತರಗತಿಯಲ್ಲಿ ಇಟ್ಟಿದ್ದ ಡಬ್ಬಿಗೆ, ನೋಟ್‌ಬುಕ್ಕಿನ ಹಾಳೆ ಹರಿದು, ನಾಲ್ಕು ಮಡಿಕೆ ಮಾಡಿ ಹಾಕಿದ್ದ ಚೀಟಿ. ಬರೆದವನು ಒಂಬತ್ತನೇ ಕ್ಲಾಸಿನ ಯಾವನೋ ಹುಡುಗ. ಹಿಂದಿನ ವರ್ಷ ಎಂಟನೇ ಕ್ಲಾಸಿನಲ್ಲಿ ಹದಿಹರೆಯದ ಪಾಠ ಮುಗಿಸಿ, ಹಾರ್ಮೋನುಗಳ ಹೆಸರನ್ನು ಬಾಯಿಪಾಠ ಮಾಡಿ ಕಿರುಪರೀಕ್ಷೆ ಬರೆದವನೇ. ಆ ಪಾಠ ಮಾಡಿದವಳು ನಾನೇ. ಪಾಠ ಆಗಿತ್ತು, ಅಂಕವೂ ಬಂದಿತ್ತು. ಹುಡುಗ ಮಾತ್ರ ಎರಡು ತಿಂಗಳು ಒಬ್ಬನೇ ಹೆದರಿಕೊಂಡು ಬಟ್ಟೆ ಒಗೆಯುತ್ತಿದ್ದ.

ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವ ನನ್ನಂಥವರಿಗೆ, ಅದರಲ್ಲೂ "ನೀವೇ ಮಾಡಿ ಮೇಡಂ, ನಮಗೆ ಮುಜುಗರ" ಎಂದು ಉಳಿದವರೆಲ್ಲ ಜಾರಿಕೊಂಡ ಮೇಲೆ ಒಬ್ಬರೇ ಉಳಿದವರಿಗೆ, ಈ ಬರಹ. ಬೋರ್ಡಿನ ಮೇಲೆ ಎಷ್ಟು ಬರೆದಿರಿ ಅನ್ನುವುದಕ್ಕಿಂತ ಮಗು ಬಾಯಿ ಬಿಟ್ಟು ಕೇಳಿತೇ, ಮುಂದಿನ ವಾರ ಮತ್ತೆ ಕೇಳಲು ಬಂತೇ ಅನ್ನುವುದರ ಮೇಲೆಯೇ ಎಲ್ಲ ನಿಂತಿದೆ ಎಂದು ನಾನು ತಡವಾಗಿ ಕಲಿತೆ. ಕೆಳಗಿನ ಹೆಜ್ಜೆಗಳೆಲ್ಲ ಅದಕ್ಕಾಗಿಯೇ.

1. ಮೊದಲು ನಿಮ್ಮ ನಾಲಿಗೆ ತಿರುಗಲಿ

ನಮ್ಮ ಭಾಷೆಯಲ್ಲಿ ಈ ಅಂಗಗಳಿಗೆ ಎರಡೇ ಬಗೆಯ ಹೆಸರು ಚಾಲ್ತಿಯಲ್ಲಿವೆ. ಒಂದು ಪುಸ್ತಕದ್ದು: ಶಿಶ್ನ, ವೃಷಣ, ಯೋನಿ, ಗರ್ಭಕೋಶ. ಇನ್ನೊಂದು ಬೈಗುಳದ್ದು, ಅದನ್ನು ಹೇಳುವುದು ಬೇಡ. ನಡುವೆ ಏನೂ ಇಲ್ಲ. ಹಾಗಾಗಿ ಮೇಷ್ಟ್ರು ಇಂಗ್ಲಿಷಿಗೆ ಓಡುತ್ತಾರೆ, ಮಕ್ಕಳು ನಗುತ್ತಾರೆ.

ತರಗತಿಗೆ ಹೋಗುವ ಮುಂಚೆ ಮನೆಯಲ್ಲಿ ಕನ್ನಡಿ ಮುಂದೆ ನಿಂತು ಈ ಪದಗಳನ್ನು ಗಟ್ಟಿಯಾಗಿ ಹತ್ತು ಸಲ ಹೇಳಿ. ತಮಾಷೆಗಲ್ಲ. ಮೊದಲ ದಿನ ನಾನು "ವೃಷಣ" ಅನ್ನುವಾಗ ದನಿ ತಗ್ಗಿಸಿದೆ, ಹಿಂದಿನ ಬೆಂಚು ಆಗಲೇ ಗೆದ್ದಾಗಿತ್ತು. ಶ್ವಾಸಕೋಶ ಅಂದಷ್ಟೇ ಸಲೀಸಾಗಿ ವೃಷಣಕೋಶ ಅನ್ನುವುದು ಬಂದ ದಿನ ನಗು ತಾನಾಗಿ ನಿಂತಿತು.

ಮೊದಲ ಪಿರಿಯಡ್‌ನಲ್ಲಿ ಪಾಠ ಬೇಡ, ಪದ ಸಂಗ್ರಹ ಮಾಡಿ. "ಮುಟ್ಟಿಗೆ ನಿಮ್ಮ ಮನೆಯಲ್ಲಿ ಏನಂತಾರೆ?" ಅಂತ ಕೇಳಿ ಬೋರ್ಡಿನ ಮೇಲೆ ಬರೆಯುತ್ತಾ ಹೋಗಿ. ಹೊರಗಾಗಿದಾಳೆ, ದೂರ ಕೂತಿದಾಳೆ, ಡೇಟು, ಪಿರಿಯಡ್ಸು, ಕಾಗೆ ಮುಟ್ಟಿದೆ. ಕಾಗೆ ಬಂದ ಕೂಡಲೇ ಒಬ್ಬ ಹುಡುಗ ಎದ್ದು, "ಮಿಸ್, ಅದು ನಿಜವಾದ ಕಾಗೆ ಅಲ್ವಾ?" ಅಂದ. ತರಗತಿ ಬಿದ್ದು ಬಿದ್ದು ನಕ್ಕಿತು, ಅವನೂ ನಕ್ಕ. ಅಷ್ಟು ವರ್ಷ ಅಮ್ಮ ದೂರ ಕೂತಾಗೆಲ್ಲ ಅವನು ಅಂಗಳದ ಕಾಗೆಗಳನ್ನು ಓಡಿಸುತ್ತಿದ್ದನಂತೆ. ನಂತರ ಎಲ್ಲ ಪದಗಳ ಕೆಳಗೆ ಒಂದು ಗೆರೆ ಎಳೆದು "ನಾವು ಇಲ್ಲಿ ಮುಟ್ಟು ಅಂತಲೇ ಹೇಳೋಣ" ಎಂದು ಗೊತ್ತು ಮಾಡಿಕೊಳ್ಳಿ.

ಪದಕ್ಕೆ ಇಷ್ಟು ಒತ್ತು ಯಾಕೆಂದರೆ, ಯಾರಾದರೂ ಮುಟ್ಟಬಾರದ ಕಡೆ ಮುಟ್ಟಿದಾಗ "ಅಲ್ಲಿ" ಎಂದಷ್ಟೇ ಹೇಳಬಲ್ಲ ಮಗುವಿನ ಮಾತು ದೊಡ್ಡವರ ಕಿವಿಗೆ ತಲುಪುವುದಿಲ್ಲ.

2. ತಂದೆ ತಾಯಿಯರ ಸಭೆ ಮೊದಲು, ತರಗತಿ ಆಮೇಲೆ

2005ರ ಸುಮಾರಿಗೆ ಕೇಂದ್ರದ ಮಾನವ ಸಂಪನ್ಮೂಲ ಸಚಿವಾಲಯ ಮತ್ತು ಏಡ್ಸ್ ನಿಯಂತ್ರಣ ಸಂಸ್ಥೆ ನ್ಯಾಕೋ ಸೇರಿ ಹದಿಹರೆಯದ ಶಿಕ್ಷಣ ಕಾರ್ಯಕ್ರಮ ತಂದವು. 2007ರಲ್ಲಿ ಅದರ ಬೋಧನಾ ಸಾಮಗ್ರಿಯ ಚಿತ್ರಗಳ ಮೇಲೆ ದೊಡ್ಡ ಗಲಾಟೆಯೆದ್ದು ಹಲವು ರಾಜ್ಯಗಳು ಕೈಬಿಟ್ಟವು. ಅದರಲ್ಲಿ ಕರ್ನಾಟಕವೂ ಒಂದು. ನಾನು ಇದರಿಂದ ತೆಗೆದುಕೊಂಡ ಪಾಠ ಇಷ್ಟೇ: ಶಾಲೆಯಲ್ಲಿ ಏನು ತೋರಿಸುತ್ತಾರೆ ಅನ್ನುವುದು ಪೋಷಕರಿಗೆ ಪತ್ರಿಕೆಯಿಂದ ಗೊತ್ತಾಗಬಾರದು, ನಮ್ಮಿಂದ ಗೊತ್ತಾಗಬೇಕು.

ಜೂನ್ ತಿಂಗಳಲ್ಲೇ ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಅಧ್ಯಕ್ಷರನ್ನು ಕೂರಿಸಿಕೊಂಡು ಸಭೆ ಕರೆಯಿರಿ. ತೋರಿಸಲಿರುವ ಪ್ರತಿ ಚಿತ್ರವನ್ನೂ ಮೇಜಿನ ಮೇಲೆ ಹರವಿ. "ಲೈಂಗಿಕ ಶಿಕ್ಷಣ" ಎನ್ನುವ ಹೆಸರನ್ನು ಮುಚ್ಚಿಡಬೇಡಿ, ಆದರೆ ಅದರಿಂದಲೇ ಶುರು ಮಾಡಲೂ ಬೇಡಿ. ಫೋನು, ಅಪರಿಚಿತರು, ಸುರಕ್ಷತೆ ಎಂದು ಶುರು ಮಾಡಿದರೆ ಕುರ್ಚಿ ಮುಂದೆ ಎಳೆದುಕೊಂಡು ಕೂರುತ್ತಾರೆ.

ಒಂದು ಪ್ರಶ್ನೆ ಬಂದೇ ಬರುತ್ತದೆ. ನಮ್ಮಲ್ಲಿ ಅದನ್ನು ಕೇಳಿದವರು ಹಾಲಿನ ಡೈರಿ ಕಾರ್ಯದರ್ಶಿ: "ಮೇಡಮ್ನೋರೆ, ಸುಮ್ಕಿರೋ ಹುಡುಗ್ರಿಗೆ ಇಲ್ದಿದ್ದೆಲ್ಲಾ ನೆಪ್ಪು ಮಾಡ್ಕೊಟ್ಟಂಗಾಗಲ್ವಾ?" ಕೋಪ ಬೇಡ, ನ್ಯಾಯವಾದ ಆತಂಕ ಅದು. ಉತ್ತರ ಸಿದ್ಧ ಇಟ್ಟುಕೊಳ್ಳಿ. ಯುನೆಸ್ಕೋ 2009ರಲ್ಲಿ ಹೊರಡಿಸಿ 2018ರಲ್ಲಿ ಪರಿಷ್ಕರಿಸಿದ ಮಾರ್ಗಸೂಚಿಗಾಗಿ ಹಲವು ದೇಶಗಳ ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಇಂಥ ಪಾಠದಿಂದ ಮಕ್ಕಳು ಬೇಗ ಲೈಂಗಿಕ ಸಂಪರ್ಕಕ್ಕೆ ಇಳಿದದ್ದು ಕಂಡುಬರಲಿಲ್ಲ. ಅತ್ತ ಅಮೆರಿಕದಲ್ಲಿ "ಮದುವೆಯ ತನಕ ಬೇಡ" ಎಂದಷ್ಟೇ ಹೇಳಿಕೊಟ್ಟ ಕಾರ್ಯಕ್ರಮಗಳನ್ನು 2007ರಲ್ಲಿ ಸರ್ಕಾರಕ್ಕಾಗಿಯೇ ಅಳೆದು ನೋಡಿದರು. ಆ ಪಾಠ ಕೇಳಿದವರಿಗೂ ಕೇಳದವರಿಗೂ ನಡತೆಯಲ್ಲಿ ವ್ಯತ್ಯಾಸವೇ ಇರಲಿಲ್ಲ. ನಾನು ಡೈರಿಯವರಿಗೆ ಇದರ ಸಾರ ಹೇಳಿ, "ನಾವು ಹೇಳದಿದ್ರೆ ಫೋನು ಹೇಳುತ್ತೆ ಅಣ್ಣಾ, ಅದು ನಮ್ಮ ಹಾಗೆ ಹೇಳಲ್ಲ" ಅಂದೆ. ಅವರು ಪೂರ್ತಿ ಒಪ್ಪಲಿಲ್ಲ. ಬೇಡ ಅನ್ನಲೂ ಇಲ್ಲ. ಅಷ್ಟು ಸಾಕು.

ಅಂದ ಹಾಗೆ, ಸಭೆ ಮುಗಿದ ಮೇಲೆ ನಾಲ್ಕಾರು ತಾಯಂದಿರು ಹಿಂದೆಯೇ ಉಳಿಯುತ್ತಾರೆ. ಬಿಳಿ ಸೆರಗಿನ ಬಗ್ಗೆ, ಗರ್ಭಕೋಶ ತೆಗೆಸುವ ಬಗ್ಗೆ ತಮ್ಮದೇ ಪ್ರಶ್ನೆ ಕೇಳಲು. ಸಮಯ ಇಟ್ಟುಕೊಂಡಿರಿ.

3. ವರ್ಷಕ್ಕೊಂದು ಭಾಷಣ ಬೇಡ

ಡಾಕ್ಟರನ್ನು ಕರೆಸಿ, ಮುನ್ನೂರು ಮಕ್ಕಳನ್ನು ಬಯಲಿನಲ್ಲಿ ಕೂರಿಸಿ, ಮೈಕಿನಲ್ಲಿ ಒಂದು ಗಂಟೆ ಮಾತಾಡಿಸಿ, ಫೋಟೋ ತೆಗೆದು ವರದಿ ಕಳಿಸುವ ಕಾರ್ಯಕ್ರಮದಿಂದ ಯಾವ ಮಗುವಿಗೂ ಪ್ರಯೋಜನವಾದದ್ದು ನಾನು ನೋಡಿಲ್ಲ. ಫಲ ಕೊಟ್ಟ ಕಾರ್ಯಕ್ರಮಗಳು ಹನ್ನೆರಡು ಅಥವಾ ಅದಕ್ಕೂ ಹೆಚ್ಚು ಪಿರಿಯಡ್‌ಗಳವು. ಜುಲೈನಿಂದ ಡಿಸೆಂಬರ್‌ವರೆಗೆ ತಿಂಗಳಿಗೆ ಎರಡರಂತೆ ಹಿಡಿದರೆ, ದಸರಾ ರಜೆ ಕಳೆದು ಹನ್ನೊಂದೋ ಹನ್ನೆರಡೋ ಸಿಗುತ್ತವೆ. ಜನವರಿ ಆದ ಮೇಲೆ ಎಸ್ಸೆಸ್ಸೆಲ್ಸಿ ಗಲಾಟೆ, ಏನೂ ಆಗುವುದಿಲ್ಲ.

ಇದಕ್ಕೆ ಸರ್ಕಾರದ ಕಡೆಯಿಂದ ಜಾಗವೂ ಇದೆ. 2020ರಲ್ಲಿ ಆಯುಷ್ಮಾನ್ ಭಾರತದಡಿ ಶುರುವಾದ ಶಾಲಾ ಆರೋಗ್ಯ ಕಾರ್ಯಕ್ರಮದಲ್ಲಿ ಶಾಲೆಗೆ ಇಬ್ಬರು ಶಿಕ್ಷಕರು ಆರೋಗ್ಯ ರಾಯಭಾರಿಗಳು, ಸಾಧ್ಯವಾದಲ್ಲಿ ಒಬ್ಬರು ಗಂಡು ಒಬ್ಬರು ಹೆಣ್ಣು. ನಿಮ್ಮ ಶಾಲೆಯಲ್ಲಿ ಆ ಇನ್ನೊಬ್ಬರು ಯಾರೆಂದು ಹುಡುಕಿ ಹಿಡಿಯಿರಿ. ಒಬ್ಬರೇ ಹೊರಬೇಡಿ.

ವಯಸ್ಸಿನ ವಿಷಯ: ಮೈನೆರೆಯುವ ಮುಂಚೆ ಹೇಳಬೇಕು. ಆರು, ಏಳನೇ ಕ್ಲಾಸಿಗೇ ಮುಟ್ಟು ಮತ್ತು ಸ್ವಪ್ನಸ್ಖಲನ, ಅಂದರೆ ನಿದ್ದೆಯಲ್ಲಿ ವೀರ್ಯ ಹೋಗುವುದು. ಹತ್ತನೇ ಕ್ಲಾಸಿನ ಸಂತಾನೋತ್ಪತ್ತಿ ಪಾಠದ ತನಕ ಕಾದರೆ, ಮಳೆ ಸುರಿಯುವಾಗ ಹೆಂಚು ಹೊದಿಸಲು ಏಣಿ ಹುಡುಕಿದ ಹಾಗೆ.

4. ಚೀಟಿ ಡಬ್ಬಿ

ಇದೇ ಇಡೀ ಕೆಲಸದ ಹೃದಯ, ಆದ್ದರಿಂದ ಸ್ವಲ್ಪ ವಿವರವಾಗಿ.

ಹಳೆಯ ಶೂ ಡಬ್ಬಿ ಸಾಕು. ಎಲ್ಲರಿಗೂ ಒಂದೇ ಅಳತೆಯ ಹಾಳೆ ಹಂಚಿ. "ಪ್ರಶ್ನೆ ಇದ್ದವರು ಬರೆಯಿರಿ" ಅಂದರೆ ಕೆಟ್ಟಿತು, ಯಾರು ಪೆನ್ನು ಎತ್ತಿದರು ಎಂದು ಎಲ್ಲರೂ ನೋಡುತ್ತಾರೆ. ಎಲ್ಲರೂ ಬರೆಯಲೇಬೇಕು. ಪ್ರಶ್ನೆ ಇಲ್ಲದವರು ನಾಡಗೀತೆಯ ಮೊದಲ ಎರಡು ಸಾಲು ಬರೆಯಲಿ. ನಲವತ್ತು ಪೆನ್ನೂ ಒಟ್ಟಿಗೆ ಆಡುತ್ತವೆ, ಯಾರು ಏನು ಬರೆದರೆಂದು ಪಕ್ಕದವರಿಗೂ ತಿಳಿಯದು. ಮೊದಲ ಸಲ ನನಗೆ ಮೂವತ್ತೊಂದು ನಾಡಗೀತೆ ಬಂತು. ಮೂರನೇ ಸಲಕ್ಕೆ ಆರು.

ಅಲ್ಲೇ ಬಿಚ್ಚಿ ಓದಬೇಡಿ. ಮನೆಗೆ ಒಯ್ದು, ವಿಂಗಡಿಸಿ, ಉತ್ತರ ಯೋಚಿಸಿ, ಮುಂದಿನ ಸಲ ನಿಮ್ಮದೇ ಮಾತಿನಲ್ಲಿ ಪ್ರಶ್ನೆ ಓದಿ. ಅಕ್ಷರ ಗುರುತು ಹಿಡಿದು ಮಗುವಿನ ಮುಖ ನೋಡಬೇಡಿ, ಕಿಟಕಿ ಕಡೆ ನೋಡುತ್ತಾ ಉತ್ತರಿಸಿ. ಚೀಟಿಗಳನ್ನು ಒಲೆಗೆ ಹಾಕಿ. ಯಾರೋ ತೊಂದರೆ ಕೊಡುತ್ತಿದ್ದಾರೆ ಎಂಬ ಸುಳಿವು ಇರುವ ಚೀಟಿಯನ್ನು ಮಾತ್ರ ಎತ್ತಿಡಿ.

ಅಣಕಿಸಲೆಂದೇ ಹೊಲಸು ಬರೆದ ಚೀಟಿಯೂ ಬರುತ್ತದೆ. ಬಹಳ ಸಲ ಅದರೊಳಗೊಂದು ನಿಜವಾದ ಪ್ರಶ್ನೆ ಅಡಗಿರುತ್ತದೆ. ಹೊಲಸು ತೆಗೆದು ಪ್ರಶ್ನೆಗಷ್ಟೇ ಉತ್ತರ ಕೊಟ್ಟರೆ, ಬರೆದವನು ತಣ್ಣಗಾಗುತ್ತಾನೆ.

ಪದೇ ಪದೇ ಬರುವ ಕೆಲವಕ್ಕೆ ಉತ್ತರ ಇಲ್ಲೇ ಹೇಳಿಬಿಡುತ್ತೇನೆ. ಮುಟ್ಟು ಶುರುವಾದ ಮೊದಲೆರಡು ವರ್ಷ ತಿಂಗಳ ಲೆಕ್ಕ ತಪ್ಪುವುದು ಸಾಮಾನ್ಯ. ಆ ವಯಸ್ಸಿನಲ್ಲಿ 21ರಿಂದ 45 ದಿನದ ಅಂತರವೂ ಸಹಜವೇ. ಹದಿನೈದು ತುಂಬಿದರೂ ಶುರುವಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ರಾತ್ರಿ ವೀರ್ಯ ಹೋಗುವುದು ಕಾಯಿಲೆಯಲ್ಲ, ಮುಟ್ಟೂ ಅಲ್ಲ, ಮೈ ಬೆಳೆಯುತ್ತಿದೆ ಅಷ್ಟೇ. ಹಸ್ತಮೈಥುನದಿಂದ ನರ ದುರ್ಬಲವಾಗುವುದಿಲ್ಲ, ನೆನಪು ಹೋಗುವುದಿಲ್ಲ, ಮೊಡವೆ ಬರುವುದಿಲ್ಲ, ಮುಂದೆ ಮಕ್ಕಳಾಗದೆ ಇರುವುದಿಲ್ಲ. ಒಂದು ಹನಿ ವೀರ್ಯಕ್ಕೆ ಇಷ್ಟು ಹನಿ ರಕ್ತ ಎನ್ನುವ ಲೆಕ್ಕ ಸುಳ್ಳು. ಈ ಭಯಕ್ಕೆ ನಮ್ಮ ದೇಶದ ಮನೋವೈದ್ಯರು 1960ರಲ್ಲೇ "ಧಾತು ಸಿಂಡ್ರೋಮ್" ಎಂದು ಹೆಸರಿಟ್ಟರು. ಬಸ್‌ಸ್ಟ್ಯಾಂಡಿನ ಗೋಡೆಯ ಮೇಲಿನ "ಗುಪ್ತರೋಗ" ಜಾಹೀರಾತುಗಳ ವ್ಯಾಪಾರ ನಡೆಯುತ್ತಿರುವುದು ಇದೇ ಭಯದಿಂದ.

"ನನಗೆ ಹುಡುಗರೇ ಇಷ್ಟ ಆಗ್ತಾರೆ, ನಾನೂ ಹುಡುಗ, ಇದು ವಾಸಿ ಆಗುತ್ತಾ?" ಎಂಬ ಚೀಟಿ ಒಮ್ಮೆ ಬಂತು. ವಾಸಿ ಮಾಡಲು ಅದು ಕಾಯಿಲೆಯೇ ಅಲ್ಲ ಎಂದೆ. 2018ರಲ್ಲಿ ಸುಪ್ರೀಂ ಕೋರ್ಟು ದೊಡ್ಡವರ ನಡುವೆ ಅದು ಅಪರಾಧವಲ್ಲ ಎಂದಿದೆ ಎಂದೂ ಹೇಳಿದೆ. ಯಾರೂ ನಗಲಿಲ್ಲ. ಆ ಹೊತ್ತಿಗೆ ಎಂಟು ಪಿರಿಯಡ್ ಆಗಿದ್ದವು. ಮೊದಲನೆಯದರಲ್ಲಿ ಬಂದಿದ್ದರೆ ನಗುತ್ತಿದ್ದರು.

5. ಹುಡುಗರನ್ನು ಹೊರಗೆ ಕಳಿಸಬೇಡಿ

ನಮ್ಮ ಕಡೆ ಹುಡುಗಿ ಮೈನೆರೆದರೆ ಸೋದರಮಾವ ಬಂದು ಹಸಿರು ಸೊಪ್ಪಿನ ಗುಡ್ಲು ಹಾಕುತ್ತಾನೆ. ಚಿಗಳಿ, ಕೊಬ್ಬರಿ ತಿನ್ನಿಸುತ್ತಾರೆ, ಆರತಿ ಎತ್ತುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ. ಗುಡ್ಲೊಳಗೆ ಕೂತ ಹುಡುಗಿಗೆ ಮಾತ್ರ ಮೈಯೊಳಗೆ ಏನಾಯಿತೆಂದು ಯಾರೂ ಹೇಳುವುದಿಲ್ಲ. ಹುಡುಗನಿಗಂತೂ ಗುಡ್ಲೂ ಇಲ್ಲ, ಚಿಗಳಿಯೂ ಇಲ್ಲ.

ಶಾಲೆಯೂ ಅದನ್ನೇ ಮಾಡುತ್ತದೆ. ಪ್ಯಾಡಿನ ವಿಷಯ ಬಂತೆಂದರೆ ಹುಡುಗರನ್ನು ಆಟಕ್ಕೆ ಬಿಡುತ್ತಾರೆ. ಮೊದಲ ಎರಡು ಪಿರಿಯಡ್ ಬೇರೆ ಬೇರೆ ಕೂರಿಸಿ, ತಪ್ಪಿಲ್ಲ. ಆದರೆ ಇಬ್ಬರಿಗೂ ಅದದೇ ಪಾಠ ಮಾಡಿ. ಮೂರನೆಯದರಿಂದ ಒಟ್ಟಿಗೆ ಇರಲಿ. ಪಾಪ್ಯುಲೇಷನ್ ಕೌನ್ಸಿಲ್ ಎಂಬ ಸಂಶೋಧನಾ ಸಂಸ್ಥೆಯ ನಿಕೋಲ್ ಹ್ಯಾಬರ್‌ಲ್ಯಾಂಡ್ 2015ರಲ್ಲಿ ಇಪ್ಪತ್ತೆರಡು ಕಾರ್ಯಕ್ರಮಗಳನ್ನು ಹೋಲಿಸಿದರು. ಗಂಡು ಹೆಣ್ಣಿನ ನಡುವಿನ ಅಧಿಕಾರದ ಮಾತನ್ನೂ ಎತ್ತಿದ ಕಾರ್ಯಕ್ರಮಗಳಲ್ಲಿ ನೂರಕ್ಕೆ 80ರಷ್ಟು ಲೈಂಗಿಕ ರೋಗವನ್ನೋ ಬೇಡದ ಬಸಿರನ್ನೋ ಇಳಿಸಿದ್ದವು. ಬರೀ ಅಂಗ, ರೋಗ ಎಂದು ಹೇಳಿ ಬಿಟ್ಟವುಗಳಲ್ಲಿ 17ರಷ್ಟು ಮಾತ್ರ. "ಅವಳು ಬೇಡ ಅಂದರೆ ಒಳಗೊಳಗೇ ಬೇಕು ಅಂತ ಅರ್ಥ" ಎಂದು ನಂಬಿದ ಹುಡುಗನಿಗೆ ಅಂಡಾಶಯದ ಚಿತ್ರ ಬಿಡಿಸಲು ಕಲಿಸಿ ಏನು ಬಂತು?

6. ಬೇಡ ಅನ್ನುವುದನ್ನು ಆಡಿ ತೋರಿಸಿ

ಹೇಳಿಕೊಟ್ಟರೆ ಬರುವುದಿಲ್ಲ ಇದು, ಆಡಿಸಬೇಕು. ಒಂದು ಸನ್ನಿವೇಶ ಕೊಡಿ: ಪರಿಚಯದ ಹುಡುಗ ವಾಟ್ಸಾಪ್‌ನಲ್ಲಿ ನಿನ್ನ ಫೋಟೋ ಕೇಳುತ್ತಿದ್ದಾನೆ, ಹೇಗೆ ಬೇಡ ಅಂತೀಯ?

ನಮ್ಮ ತರಗತಿಯಲ್ಲಿ ಮೊದಲು ಎದ್ದ ಹುಡುಗಿ "ನಮ್ಮಮ್ಮ ಬೈತಾರೆ" ಅಂದಳು. ಎದುರಿಗಿದ್ದ ಹುಡುಗ ತಕ್ಷಣ, "ಅಮ್ಮಂಗೆ ಗೊತ್ತಾಗಲ್ಲ ಬಿಡು" ಅಂದ. ಅವಳ ಬಳಿ ಮಾತಿಲ್ಲ. ಎರಡನೆಯವಳು "ನೆಟ್ ಪ್ಯಾಕ್ ಇಲ್ಲ" ಅಂದಳು. "ನಾನೇ ಹಾಕಿಸ್ತೀನಿ" ಅಂತ ಉತ್ತರ. ನೆಪ ಹೇಳಿದಷ್ಟೂ ಎದುರಿನವನಿಗೆ ನೆಪ ಮುರಿಯುವ ದಾರಿ ಸಿಗುತ್ತದೆ ಎನ್ನುವುದನ್ನು ನಾನು ಹೇಳಬೇಕಾಗಿ ಬರಲಿಲ್ಲ. ಮೂರನೆಯವಳು, ಇಡೀ ವರ್ಷ ಬಾಯಿ ಬಿಡದವಳು, ಕೂತಲ್ಲಿಂದಲೇ "ನಂಗೆ ಇಷ್ಟ ಇಲ್ಲ. ಇನ್ನೊಂದ್ಸಲ ಕೇಳ್ಬೇಡ" ಅಂದಳು. ಹುಡುಗನಿಗೆ ತೊದಲಿತು.

ಇಲ್ಲಿಗೆ ನಿಲ್ಲಿಸಬೇಡಿ. ಈಗ ಹುಡುಗರ ಸರದಿ: ಬೇಡ ಎಂದು ಕೇಳಿಸಿಕೊಂಡವನು ಮುಂದೇನು ಮಾಡುತ್ತಾನೆ? ನಮ್ಮ ಹುಡುಗರು ಮೊದಲು "ಯಾಕೆ?" ಅಂದರು, ಆಮೇಲೆ "ಹಂಗಾದ್ರೆ ಮಾತಾಡ್ಬೇಡ ಹೋಗು" ಅಂದರು. "ಸರಿ ಬಿಡು" ಎಂಬ ಎರಡು ಪದ ಬಾಯಿಗೆ ಬರಲು ಇಡೀ ಪಿರಿಯಡ್ ಹಿಡಿಯಿತು. ಬೇಡ ಅನ್ನುವುದಕ್ಕಿಂತ ಬೇಡ ಅನ್ನಿಸಿಕೊಳ್ಳುವುದೇ ಕಷ್ಟ. ಹಾಗೆಯೇ ಪಾತ್ರ ಅದಲು ಬದಲು ಮಾಡಿಸಿ. ಹುಡುಗರ ಫೋಟೋ ಕೇಳಿ ಬೆದರಿಸುವವರೂ ಇದ್ದಾರೆ.

7. ಕಾನೂನನ್ನು ಹೆದರಿಸಲು ಬಳಸಬೇಡಿ, ಮುಚ್ಚಿಡಲೂ ಬೇಡಿ

ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ 2012ರ ಪೋಕ್ಸೋ ಕಾಯ್ದೆಯ ಪ್ರಕಾರ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಆ ವಯಸ್ಸಿನವರು "ಒಪ್ಪಿದ್ದೆ" ಅಂದರೂ ಕಾನೂನು ಅದನ್ನು ಒಪ್ಪಿಗೆ ಎನ್ನುವುದಿಲ್ಲ. ಹದಿನಾರರ ಹುಡುಗಿ, ಹತ್ತೊಂಬತ್ತರ ಹುಡುಗ ಓಡಿಹೋದರೆ ಹುಡುಗ ಜೈಲು ಸೇರಬಹುದು. ಇದು ಗೊತ್ತೇ ಇಲ್ಲದೆ ಸಿಕ್ಕಿಕೊಳ್ಳುವವರನ್ನು ನೋಡಿಯೇ ಹೈಕೋರ್ಟಿನ ಧಾರವಾಡ ಪೀಠ 2022ರ ನವೆಂಬರ್‌ನಲ್ಲಿ, ಒಂಬತ್ತನೇ ತರಗತಿಯಿಂದಲೇ ಮಕ್ಕಳಿಗೆ ಈ ಕಾಯ್ದೆಯ ತಿಳಿವಳಿಕೆ ಕೊಡಲು ಶಿಕ್ಷಣ ಇಲಾಖೆಗೆ ಸೂಚಿಸಿತು. ಫೋಟೋ ವಿಷಯವೂ ಹಾಗೆಯೇ: ಮಕ್ಕಳ ಅಶ್ಲೀಲ ಚಿತ್ರ ತೆಗೆಯುವುದು, ಹಂಚುವುದು ಅಪರಾಧ. ಯಾರ ಚಿತ್ರ ಹರಿದಾಡಿತೋ ಆ ಮಗುವನ್ನು ತಪ್ಪಿತಸ್ಥನಂತೆ ನಿಲ್ಲಿಸಬೇಡಿ. ಸಾಕ್ಷಿಗೆಂದು ಆ ಚಿತ್ರವನ್ನು ನಿಮ್ಮ ಫೋನಿಗೆ ಕಳಿಸಿಕೊಳ್ಳಲೂ ಬೇಡಿ, ಅದೇ ತಪ್ಪಾಗುತ್ತದೆ.

ನಿಮಗೆ ಅತಿ ಮುಖ್ಯವಾದದ್ದು ಇದು. ಮಗು ಬಂದು "ಮಿಸ್, ಯಾರಿಗೂ ಹೇಳಲ್ಲ ಅಂದ್ರೆ ಒಂದು ವಿಷಯ ಹೇಳ್ತೀನಿ" ಅಂದಾಗ ಮಾತು ಕೊಡಬೇಡಿ. ದೌರ್ಜನ್ಯದ ಸಂಗತಿ ತಿಳಿದವರು ಪೊಲೀಸರಿಗೋ ವಿಶೇಷ ಬಾಲ ಪೊಲೀಸ್ ಘಟಕಕ್ಕೋ ತಿಳಿಸಲೇಬೇಕು, ಅದು ಕಾಯ್ದೆಯ 19ನೇ ಕಲಂ. ತಿಳಿಸದಿದ್ದರೆ ಶಿಕ್ಷೆ ಇದೆ. ಒಮ್ಮೆ ನಾನು ಮಾತು ಕೊಟ್ಟುಬಿಟ್ಟಿದ್ದೆ. ಮಾತು ಮುರಿಯಬೇಕಾಯಿತು, ಆ ಹುಡುಗಿ ಮತ್ತೆಂದೂ ನನ್ನ ಮುಖ ನೋಡಲಿಲ್ಲ. ಈಗ ನಾನು ಹೇಳುವುದು: "ನಿನ್ನ ಕ್ಷೇಮಕ್ಕೆ ಯಾರಿಗೆ ಹೇಳಲೇಬೇಕೋ ಅವರಿಗೆ ಮಾತ್ರ ಹೇಳ್ತೀನಿ ಪುಟ್ಟಾ, ನಿನಗೆ ತಿಳಿಸಿಯೇ ಹೇಳ್ತೀನಿ."

ಮಗು ಹೇಳುವಾಗ ಕೆದಕಬೇಡಿ, "ಯಾಕೆ ಹೋದೆ" ಅನ್ನಬೇಡಿ. ಅದರ ಮಾತನ್ನು ಅದರ ಪದಗಳಲ್ಲೇ ಬರೆದಿಟ್ಟುಕೊಳ್ಳಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಸ್ಟಾಫ್‌ರೂಮಿನಲ್ಲಿ ಹೆಸರು ಹೇಳಬೇಡಿ, ಆಪ್ತ ಗೆಳತಿಗೂ.

8. ಪಾಠದ ಆಚೆ: ಚಿಲಕ, ನೀರು, ಸ್ನೇಹ ಕ್ಲಿನಿಕ್

ಮುಟ್ಟಿನ ಸ್ವಚ್ಛತೆಯ ಬಗ್ಗೆ ಚೆಂದದ ಪಾಠ ಮಾಡಿ ಹೊರಗೆ ಬಂದೆ. ಒಬ್ಬಳು ಹಿಂದೆ ಬಂದು, "ಮಿಸ್, ಶೌಚಾಲಯಕ್ಕೆ ಚಿಲಕ ಇಲ್ಲ. ಒಬ್ಬಳು ಬಾಗಿಲು ಹಿಡ್ಕೋಬೇಕು. ಅವಳಿಗೆ ನಾನು ಪ್ಯಾಡ್ ಬದಲಾಯಿಸೋದು ಗೊತ್ತಾಗುತ್ತೆ" ಅಂದಳು. ಚಿಲಕಕ್ಕೆ ಎಪ್ಪತ್ತು ರೂಪಾಯಿ. ಪಾಠ ಮಾಡುವ ಮುಂಚೆ ನೀವೇ ಒಮ್ಮೆ ಮಕ್ಕಳ ಶೌಚಾಲಯಕ್ಕೆ ಹೋಗಿ ಬನ್ನಿ: ಚಿಲಕ, ನೀರು, ಮುಚ್ಚಳವಿರುವ ಬುಟ್ಟಿ. ಸರ್ಕಾರದ ಶುಚಿ ಯೋಜನೆಯ ಪ್ಯಾಡು ಬಂದಿದ್ದರೆ ಅದು ಆಫೀಸಿನ ಬೀರುವಿನಲ್ಲಿ ಹೆಡ್‌ಮಾಸ್ಟರ ಬೀಗದಡಿ ಇರಬಾರದು, ಹುಡುಗಿ ಯಾರನ್ನೂ ಕೇಳದೆ ತೆಗೆದುಕೊಳ್ಳುವ ಕಡೆ ಇರಬೇಕು.

2014ರಲ್ಲಿ ಶುರುವಾದ ರಾಷ್ಟ್ರೀಯ ಕಿಶೋರ ಸ್ವಾಸ್ಥ್ಯ ಕಾರ್ಯಕ್ರಮದ ಹದಿಹರೆಯದವರ ಕ್ಲಿನಿಕ್ಕುಗಳಿಗೆ ನಮ್ಮ ರಾಜ್ಯದಲ್ಲಿ ಸ್ನೇಹ ಕ್ಲಿನಿಕ್ ಎಂದು ಹೆಸರು. ನಿಮ್ಮ ಹತ್ತಿರದ ಆಸ್ಪತ್ರೆಯಲ್ಲಿ ಅದು ಯಾವ ದಿನ, ಯಾವ ಕೋಣೆಯಲ್ಲಿ ನಡೆಯುತ್ತದೆ ಎಂದು ಹೋಗಿ ವಿಚಾರಿಸಿಕೊಂಡು ಬನ್ನಿ. ಆಪ್ತಸಮಾಲೋಚಕರನ್ನು ತರಗತಿಗೆ ಒಮ್ಮೆ ಕರೆಸಿ, ಮುಖ ಪರಿಚಯವಾದರೆ ಮಕ್ಕಳು ಹೋಗುತ್ತಾರೆ. ಮನಸ್ಸಿನ ತಳಮಳಕ್ಕೆ ಟೆಲಿ ಮಾನಸ್ ಸಹಾಯವಾಣಿ 14416, ಕನ್ನಡದಲ್ಲೇ ಮಾತಾಡುತ್ತಾರೆ.

9. ಫಲ ಕೊಟ್ಟಿತೇ ಎಂದು ನೋಡುವುದು

ಪರೀಕ್ಷೆ ಇಡಬೇಡಿ. ಜುಲೈನಲ್ಲಿ ಐದು ಸರಿ-ತಪ್ಪು ಪ್ರಶ್ನೆ ಕೊಟ್ಟು ಹೆಸರಿಲ್ಲದೆ ಉತ್ತರ ತೆಗೆದುಕೊಳ್ಳಿ, ಡಿಸೆಂಬರ್‌ನಲ್ಲಿ ಅದೇ ಐದು ಕೊಡಿ. ಅದಕ್ಕಿಂತ ಒಳ್ಳೆಯ ಅಳತೆ ಚೀಟಿಗಳೇ. ಮೊದಮೊದಲು "ನನಗೆ ಕಾಯಿಲೆನಾ" ಎಂಬ ಚೀಟಿಗಳು. ಕೊನೆ ಕೊನೆಗೆ "ಆರನೇ ಕ್ಲಾಸಿನ ತಂಗಿಗೆ ನಾನೇ ಹೇಳಬಹುದಾ" ಎಂಬಂಥವು.

ಕೊನೆಯದಾಗಿ, ಪಿರಿಯಡ್ ಆದ ದಿನವೇ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಯಾವ ಪ್ರಶ್ನೆ ಬಂತು, ಏನು ಉತ್ತರ ಕೊಟ್ಟಿರಿ, ಎಲ್ಲಿ ಎಡವಿದಿರಿ. ಮಕ್ಕಳ ಹೆಸರು ಬೇಡ. ಇಂಥ ಕೆಲಸ ನಿಲ್ಲುವುದು ವಿರೋಧದಿಂದಲ್ಲ, ವರ್ಗಾವಣೆಯಿಂದ. ನನಗೂ ವರ್ಗಾವಣೆ ಕೌನ್ಸೆಲಿಂಗ್‌ನಲ್ಲಿ ಬೇರೆ ತಾಲೂಕು ಬಂತು. ಹೊಸದಾಗಿ ಬಂದ ಮೇಷ್ಟ್ರಿಗೆ ನೋಟ್‌ಬುಕ್ಕನ್ನೂ ಶೂ ಡಬ್ಬಿಯನ್ನೂ ಕೊಟ್ಟೆ. ಅವರು ಮೊದಲ ಪುಟ ತೆರೆದು, "ಇದೇನ್ ಮೇಡಂ, ಕನ್ನಡಿ ಮುಂದೆ ಹತ್ತು ಸಲ?" ಎಂದು ಕೇಳಿದರು.